ಬಾಯಿ ಮುಚ್ಚುವ ಪಾಠ

ಮಧ್ಯಾಹ್ನ ಎರಡರ ಬಸ್ಸಿನಲ್ಲಿ ಪ್ರಯಾಣ ಮಾಡುವ ಅಭ್ಯಾಸ ನಿಮಗಿದ್ದರೆ ಒಂದು ಸಂಗತಿ ನಿಮ್ಮ ಗಮನಕ್ಕೆ ಬಂದಿರಲೇಬೇಕು. ಉಂಡು ಹತ್ತಿದ ಮನುಷ್ಯ, ಅವನು ಎಷ್ಟೇ ಘನವಂತನಾಗಿರಲಿ, ಎಂಥ ಇಸ್ತ್ರಿಯ ಅಂಗಿಯನ್ನೇ ತೊಟ್ಟಿರಲಿ, ಕಣ್ಣಿಗೆ ನಿದ್ದೆ ಹತ್ತಿದ ಮರುಗಳಿಗೆಯಲ್ಲಿ ಬಾಯಿ ತೆರೆಯುತ್ತಾನೆ. ಜೇವರ್ಗಿ ಬಿಟ್ಟ ಬಸ್ಸು ನೆಲೋಗಿಯ ಕಡೆ ಹೊರಳಿ ಎರಡು ಕುಲುಕು ಕುಲುಕುವುದರೊಳಗೆ ಅರ್ಧ ಬಸ್ಸು ಮಲಗಿರುತ್ತದೆ. ವಕೀಲರ ಗುಮಾಸ್ತ, ಸಂತೆ ಮುಗಿಸಿಕೊಂಡ ಬಳೆಗಾರ್ತಿ, ಬಿಳಿ ಧೋತರದ ಗೌಡರು, ಎಲ್ಲರೂ ಅಂತಸ್ತಿನ ಭೇದ ಮರೆತು ಒಬ್ಬರ ಹೆಗಲ ಮೇಲೊಬ್ಬರು ವಾಲಿ, ಬಾಯಿ ಬಿಟ್ಟುಕೊಂಡು ಒಂದೇ ಲಯದಲ್ಲಿ ಉಸಿರಾಡುತ್ತಿರುತ್ತಾರೆ. ಸಮಾನತೆಯ ಕುರಿತು ಮೂವತ್ತು ವರ್ಷ ಪಾಠ ಹೇಳಿದ ನನಗೆ ಅದರ ಇಷ್ಟು ಪ್ರಾಮಾಣಿಕ ದರ್ಶನ ಬೇರೆಲ್ಲಿಯೂ ಆದದ್ದಿಲ್ಲ. ನಾನು ಮಾತ್ರ ಮುಂದಿನ ಸೀಟಿನ ಕಂಬಿ ಹಿಡಿದು, ತುಟಿಗೆ ತುಟಿ ಒತ್ತಿ, ಎಚ್ಚರದಿಂದ ಕುಳಿತು ಇವರನ್ನೆಲ್ಲ ನೋಡುತ್ತ ಹೋಗುತ್ತೇನೆ.

ಹಾಗೆಂದು ನಾನು ಬಹುಕಾಲ ನಂಬಿದ್ದೆ. ಒಮ್ಮೆ ಆಳಂದದ ಕಡೆಗೆ ಹೋಗುವಾಗ ಪಕ್ಕದಲ್ಲಿದ್ದ ನನ್ನ ಹೆಂಡತಿ ನನ್ನನ್ನು ಮೊಳಕೈಯಿಂದ ತಿವಿದು ಎಬ್ಬಿಸಿದಾಗ ನನ್ನ ಗದ್ದದ ಮೇಲೆ ಜೊಲ್ಲು ಇಳಿದಿತ್ತು, ಎದುರಿನ ಸೀಟಿನ ಎರಡು ಮಕ್ಕಳು ನನ್ನ ಬಾಯೊಳಗಿನ ಹಲ್ಲುಗಳನ್ನು ಸಾವಕಾಶವಾಗಿ ಪರೀಕ್ಷಿಸುತ್ತ ನಿಂತಿದ್ದರು. “ನಿದ್ದ್ಯಾಗ ಸ್ವಂತ ಬಾಯಿ ಮುಚ್ಚೋದು ನಿಮ್ಮ ಕೈಲೆ ಆಗಂಗಿಲ್ಲ, ಸಾಲ್ಯಾಗ ಮಾತ್ರ ಮಂದಿ ಮಕ್ಕಳ ಬಾಯಿ ಮುಚ್ಚಸ್ತೀರಿ” ಎಂದಳು ಆಕೆ. ಆಗ ನಾನು ಅದನ್ನು ಹೆಂಡತಿಯರು ಆಡುವ ಸಾವಿರ ಮಾತುಗಳಲ್ಲಿ ಒಂದೆಂದು ಬಗೆದು ಕರವಸ್ತ್ರದಿಂದ ಗದ್ದ ಒರೆಸಿಕೊಂಡೆ. ಆ ಮಾತು ಎಷ್ಟು ದೂರ ನೋಡಿ ಆಡಿದ್ದಾಗಿತ್ತೆಂಬುದು ಆಕೆಗೂ ತಿಳಿದಿರಲಿಲ್ಲ.

ನನ್ನ ಪರಿಚಯ ಹೇಳಿಕೊಳ್ಳುವಷ್ಟು ದೊಡ್ಡದೇನಿಲ್ಲ. ಆಳಂದ ತಾಲೂಕಿನ ಮಟಕಿಯಲ್ಲಿ ಹುಟ್ಟಿ, ಅಫಜಲಪುರ ತಾಲೂಕಿನ ಭೀಮಾ ದಂಡೆಯ ಊರುಗಳಲ್ಲಿ ನೌಕರಿ ಕಲಿತು, ಈಗ ಜೇವರ್ಗಿ ತಾಲೂಕಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಮುಖ್ಯಗುರುವಾಗಿ ನಿವೃತ್ತಿಯ ಅಂಚಿಗೆ ಬಂದಿದ್ದೇನೆ. ನೆಲೋಗಿಯಲ್ಲಿ ಬಸ್ಸು ಇಳಿದು ಸ್ವಲ್ಪ ನಡೆದರೆ ನನ್ನ ಶಾಲೆಯ ಊರು ಬರುತ್ತದೆ. ಅದರ ಹೆಸರು ಹೇಳುವುದಿಲ್ಲ, ಏಕೆಂದರೆ ಮುಂದೆ ಹೇಳಲಿರುವ ತಪ್ಪು ಆ ಊರಿನದಲ್ಲ, ನನ್ನದು. ಮೂರು ತಾಲೂಕಿನ ಧೂಳನ್ನೂ ನನ್ನ ಮೂಗು ಬಲ್ಲದು. ಪುಷ್ಯ ಮಾಸದಲ್ಲಿ ತೊಗರಿಯ ರಾಶಿ, ಎಂದರೆ ಒಕ್ಕಣೆ, ಶುರುವಾದರೆ ಮಷಿನ್ನಿನ ಬಾಯಿಂದ ಹಾರುವ ಹೊಟ್ಟಿನ ಧೂಳು ಊರ ಮೇಲೆ ತಿಂಗಳುಗಟ್ಟಲೆ ತೇಲುತ್ತದೆ. ಆಮೇಲೆ ಅದೇ ತೊಗರಿಯ ಕಟ್ಟಿಗೆ ವರ್ಷವಿಡೀ ಒಲೆಗಳಲ್ಲಿ ಉರಿದು ಹೊಗೆಯಾಗುತ್ತದೆ. ನಮ್ಮ ಅನ್ನವೂ ತೊಗರಿ, ನಮ್ಮ ಕೆಮ್ಮೂ ತೊಗರಿ. ಅಂಥ ಊರಿನಲ್ಲಿ ಮಕ್ಕಳ ಮೂಗು ಸೋರುವುದನ್ನು ಯಾರೂ ರೋಗವೆಂದು ಎಣಿಸುವುದಿಲ್ಲ.

ನನಗೆ ಮೌನದ ಮೋಹವೊಂದಿತ್ತು. ಚಿಕ್ಕಂದಿನಲ್ಲಿ ಅವ್ವನ ಜೊತೆ ಜಿಡಗಾದ ಮಠಕ್ಕೆ ಹೋದಾಗ, ಪ್ರಸಾದಕ್ಕೆ ಸಾಲಾಗಿ ಕುಳಿತ ನೂರಾರು ಜನ ಎಲೆಗೆ ಬಡಿಸಿ ಮುಗಿಯುವವರೆಗೆ ಒಂದು ಪಿಟ್ಟೆನ್ನದೆ ಕೈಕಟ್ಟಿ ಕುಳಿತಿರುವುದನ್ನು ಕಂಡು, ಇದಕ್ಕಿಂತ ಚೆಂದದ ದೃಶ್ಯ ಲೋಕದಲ್ಲಿ ಇರಲಾರದು ಎಂದುಕೊಂಡಿದ್ದೆ. ಶಿಕ್ಷಕನಾದ ಮೇಲೆ ಆ ದೃಶ್ಯವನ್ನು ತರಗತಿಯಲ್ಲಿ ಮರುಸೃಷ್ಟಿಸಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಕೈ ಕಟ್ಟು, ಬಾಯಿ ಮುಚ್ಚು: ಈ ನಾಲ್ಕು ಪದಗಳನ್ನು ನಾನು ಸೇವಾವಧಿಯಲ್ಲಿ ಎಷ್ಟು ಸಲ ಉಚ್ಚರಿಸಿದ್ದೇನೋ ಲೆಕ್ಕವಿಲ್ಲ. ಮಗ್ಗಿಗಿಂತ, ಪ್ರಾರ್ಥನೆಗಿಂತ, ನನ್ನ ಹೆಂಡತಿಯ ಹೆಸರಿಗಿಂತ ಹೆಚ್ಚು ಸಲ ನನ್ನ ನಾಲಗೆ ಈ ಮಾತನ್ನು ಜಪಿಸಿದೆ. ಮಕ್ಕಳೂ ಅದನ್ನು ಪಾಲಿಸುತ್ತಿದ್ದರು, ಒಬ್ಬಳನ್ನು ಬಿಟ್ಟು.

ಅವಳ ಹೆಸರು ಭಾಗಮ್ಮ. ನಾಲ್ಕನೆಯ ತರಗತಿ, ಒಂಬತ್ತು ವರ್ಷ, ವಯಸ್ಸಿಗಿಂತ ಗಿಡ್ಡಗಿದ್ದುದರಿಂದ ಯಾವಾಗಲೂ ಮೊದಲ ಸಾಲು. ಅಪ್ಪ ಮಲ್ಲಪ್ಪ ರಾಶಿ ಮಷಿನ್ನಿನ ಮೇಲೆ ನಿಂತು ಕೆಲಸ ಮಾಡುವವನು. ಸಂಜೆ ಮನೆಗೆ ಬಂದರೆ ಅವನ ಹುಬ್ಬಿನ ಮೇಲೂ ಹೊಟ್ಟು ಇರುತ್ತಿತ್ತು. ಭಾಗಮ್ಮನ ಬಾಯಿ ಸದಾ ತೆರೆದಿರುತ್ತಿತ್ತು. ಮೇಲಿನ ಹಲ್ಲು ಮುಂದೆ ಬಂದಿದ್ದವು, ತುಟಿ ಒಡೆದು ಬಿಳಚಿಕೊಂಡಿತ್ತು, ಕಣ್ಣಿನ ಕೆಳಗೆ ಮುದುಕಿಯರಿಗಿರುವಂಥ ಕಪ್ಪು ಛಾಯೆ, ಮೂಗಿನ ಎರಡೂ ಹೊಳ್ಳೆಗಳಿಂದ ಹಳದಿ ಸಿಂಬಳ ಮಳೆಗಾಲ ಬೇಸಿಗೆಯೆನ್ನದೆ ಇಳಿಯುತ್ತಿತ್ತು. ಓದುವಾಗ ಎರಡು ಶಬ್ದಕ್ಕೊಮ್ಮೆ ನಿಂತು ಬಾಯಿಯಿಂದ ಗಾಳಿ ಎಳೆದುಕೊಳ್ಳುತ್ತಿದ್ದಳು. ಊಟಕ್ಕೆ ಕೂತರೆ ಎಲ್ಲರಿಗಿಂತ ಕೊನೆಗೆ ಏಳುತ್ತಿದ್ದಳು, ಯಾಕೆಂದರೆ ಅಗಿಯುವುದು ಉಸಿರಾಡುವುದು ಎರಡನ್ನೂ ಒಂದೇ ಬಾಯಿಯಿಂದ ಮಾಡಬೇಕಿತ್ತು. ಇದು ನನಗೆ ಈಗ ಗೊತ್ತು. ಆಗ ನನಗೆ ಕಂಡದ್ದು ಮಂದಬುದ್ಧಿಯ, ಆಲಸ್ಯದ, ಕರೆದರೆ ಮೂರನೆಯ ಸಲಕ್ಕೆ ತಿರುಗಿ ನೋಡುವ ಒಂದು ಹುಡುಗಿ.

ಇಲ್ಲಿ ನನ್ನ ಹಾಸ್ಯಪ್ರಜ್ಞೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಶಿಕ್ಷಕರ ಸಂಘದ ಸಭೆಗಳಲ್ಲಿ ನನ್ನ ಚತುರೋಕ್ತಿಗಳಿಗೆ ಚಪ್ಪಾಳೆ ಬೀಳುತ್ತಿತ್ತು. ಆ ಖ್ಯಾತಿಯನ್ನು ತರಗತಿಯಲ್ಲಿಯೂ ಕಾಪಾಡಿಕೊಳ್ಳುವ ಚಪಲ ನನಗಿತ್ತು. ಒಂದು ದಿನ ಭಾಗಮ್ಮನನ್ನು ನೋಡಿ “ತೆರೆದ ಬಾಗಿಲು” ಎಂದೆ. ತರಗತಿ ಘೊಳ್ಳೆಂದಿತು. ಚಪ್ಪಾಳೆಯ ರುಚಿ ಹತ್ತಿದವನಿಗೆ ಒಂದು ಸಲಕ್ಕೆ ಸಾಕಾಗುವುದಿಲ್ಲ. ಮರುದಿನವೂ ಅಂದೆ, ಅದರ ಮರುದಿನವೂ. ತಿಂಗಳು ತುಂಬುವುದರೊಳಗೆ ಹುಡುಗರು ಅವಳ ಹೆಸರನ್ನೇ ಮರೆತರು. ನೀರಿನ ಟಾಕಿಯ ಹತ್ತಿರ, ಓಣಿಯಲ್ಲಿ, ಕಿರಾಣಿ ಅಂಗಡಿಯ ಮುಂದೆ ಅವಳು ತೆರೆದ ಬಾಗಿಲೇ ಆದಳು. ಪಾಲಕರ ಸಭೆಗೆ ಅವಳ ತಾಯಿ ಶರಣಮ್ಮ ಬಂದಾಗ ನಾನು ಗಂಭೀರನಾಗಿ, ಇದೊಂದು ಕೆಟ್ಟ ಚಾಳಿ, ಹೆಣ್ಣುಮಗಳು, ಮನೆಯಲ್ಲಿಯೂ ಬಾಯಿ ಮುಚ್ಚಿಸುವುದನ್ನು ರೂಢಿ ಮಾಡಿಸಿರಿ ಎಂದು ಉಪದೇಶಿಸಿದೆ. ಆಕೆ ಸೆರಗು ಸರಿಮಾಡಿಕೊಂಡು “ಹೌದ್ರಿ ಸರ, ಮಾಡಸ್ತೇನಿ” ಎಂದು ಹೋದಳು.

ಇಷ್ಟರಲ್ಲೇ ನಿಂತಿದ್ದರೆ ನಾನು ಸಾಮಾನ್ಯ ಅಪರಾಧಿಯಾಗಿ ಉಳಿಯುತ್ತಿದ್ದೆ. ಆದರೆ ಆ ವರ್ಷ ನನ್ನನ್ನು ಐದು ದಿನದ ಯೋಗ ತರಬೇತಿಗೆ ಕಲಬುರಗಿಗೆ ಕಳಿಸಿದರು. ಐದೇ ದಿನದಲ್ಲಿ ನಾನು ಪ್ರಾಣಾಯಾಮದ ಸರ್ವಜ್ಞನಾಗಿ ಹಿಂತಿರುಗಿದೆ. ಉಸಿರೇ ಆಯುಸ್ಸು, ಉಸಿರೇ ವಿದ್ಯೆ ಎಂದು ಗೋಡೆಗೆ ಬರೆಸಿದೆ, ಒಂದು ಹಿತ್ತಾಳೆಯ ಗಂಟೆ ತಂದೆ, ಬೆಳಗಿನ ಪ್ರಾರ್ಥನೆಯ ನಂತರ ಅರವತ್ತು ಮಕ್ಕಳನ್ನು ಪದ್ಮಾಸನದಲ್ಲಿ ಕೂರಿಸಿ ಬಾಯಿ ಮುಚ್ಚಿಸಿ, ಮೂಗಿನಿಂದ ದೀರ್ಘವಾಗಿ ಎಳೆದು ಹತ್ತು ಎಣಿಸುವವರೆಗೆ ಹಿಡಿದು ಬಿಡುವ ಅಭ್ಯಾಸ ಆರಂಭಿಸಿದೆ. ತಾಲೂಕಿನಿಂದ ಮೇಲಿನವರು ಶಾಲೆ ನೋಡಲು ಬರುವ ದಿನ ಗೊತ್ತಾದ ಮೇಲಂತೂ ನನ್ನ ಉತ್ಸಾಹ ಉನ್ಮಾದಕ್ಕೆ ತಿರುಗಿತು. ಅರವತ್ತು ಮಕ್ಕಳು ಒಂದೇ ಉಸಿರಾಗಿ ಕೂರಬೇಕು, ಜಿಡಗಾದ ಆ ಸಾಲಿನಂತೆ. ಕಣ್ಣು ಮುಚ್ಚಿ ಕೇಳಿದರೆ ಏನೂ ಕೇಳಿಸಬಾರದು.

ಕೇಳಿಸುತ್ತಿತ್ತು. ಮೊದಲ ಸಾಲಿನಿಂದ ಒಂದು ‘ಹಾ, ಹಾ’ ಎಂಬ ಸದ್ದು, ನನ್ನ ಮೌನಕ್ಕೆ ಒಬ್ಬಳೇ ಒಬ್ಬಳ ವಿರೋಧ. ಮೇಲಿನವರು ಬರುವ ಹಿಂದಿನ ದಿನದ ಅಭ್ಯಾಸದಲ್ಲಿ ನನಗೆ ಸಹನೆ ತಪ್ಪಿತು. ಗಂಟೆಯನ್ನು ಕೆಳಗಿಟ್ಟು ಹೋಗಿ ಭಾಗಮ್ಮನ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಹೆಬ್ಬೆರಳು ತೋರುಬೆರಳಿನಿಂದ ಅವಳ ಎರಡೂ ತುಟಿಗಳನ್ನು ಹಿಡಿದು ಒತ್ತಿದೆ. ಮೂಗಿನಿಂದ ಎಳಿ ಎಂದೆ. ಎಲ್ಲರಿಗೂ ಕೇಳುವಂತೆ ಎಣಿಸತೊಡಗಿದೆ. ಐದರವರೆಗೆ ಅವಳು ಕಣ್ಣು ಮುಚ್ಚಿಯೇ ಇದ್ದಳು. ಆರಕ್ಕೆ ಕಣ್ಣು ತೆರೆದು ನನ್ನನ್ನು ನೋಡಿದಳು. ಏಳು, ಎಂಟಕ್ಕೆ ಅವಳ ಕೈಗಳು ನನ್ನ ಮಣಿಕಟ್ಟು ಹಿಡಿದವು. ದೂಡಲಿಲ್ಲ, ಮಾಸ್ತರನ ಕೈಯನ್ನು ದೂಡಬಾರದೆಂಬ ಶಿಸ್ತು ಅವಳಲ್ಲಿತ್ತು. ಹತ್ತಕ್ಕೆ ಬಿಟ್ಟೆ. ಅವಳು ಒಂದು ಸಲ ಜೋರಾಗಿ ಗಾಳಿ ಎಳೆದು, ಕೆಮ್ಮಿ, ಬೆಳಿಗ್ಗೆ ಶಾಲೆಯಲ್ಲಿ ಕುಡಿದ ಹಾಲನ್ನೆಲ್ಲ ತನ್ನ ಸಮವಸ್ತ್ರದ ಮೇಲೆ, ನನ್ನ ಚಪ್ಪಲಿಯ ಮೇಲೆ ವಾಂತಿ ಮಾಡಿಕೊಂಡಳು. ಮಕ್ಕಳು ನಕ್ಕರು. ಅವರ ಜೊತೆ ನಾನೂ ನಕ್ಕೆ.

ಆ ನಗು ನನಗೆ ಇವತ್ತಿಗೂ ನಾಚಿಕೆ ತರುತ್ತದೆ. ತುಟಿ ಒತ್ತಿದ್ದಕ್ಕೆ ಅಜ್ಞಾನದ ನೆಪವಾದರೂ ಇದೆ, ನಗುವಿಗೆ ಯಾವ ನೆಪವೂ ಇಲ್ಲ.

ಮರುದಿನ ಭಾಗಮ್ಮ ಬರಲಿಲ್ಲ. ಮೇಲಿನವರು ಬಂದರು, ಐವತ್ತೊಂಬತ್ತು ಮಕ್ಕಳು ಒಂದೇ ಉಸಿರಾಗಿ ಕುಳಿತರು, ನನಗೆ ಶಾಲು ಹೊದಿಸಿದರು. ಭಾಗಮ್ಮ ಅದರ ಮರುದಿನವೂ ಬರಲಿಲ್ಲ, ಆ ವಾರವೂ ಬರಲಿಲ್ಲ. ಜ್ವರವೆಂದು ಓಣಿಯ ಹುಡುಗಿಯೊಬ್ಬಳು ಹೇಳಿದಳು. ಹಾಜರಿ ಕರೆಯುವಾಗ ಅವಳ ಹೆಸರಿಗೆ ಯಾರೋ “ಬಾಗಲಾ ಮುಚ್ಚೇದ್ರಿ ಸರ” ಎಂದರೆ, ಅದನ್ನೂ ಒಳಗೊಳಗೇ ಮೆಚ್ಚಿಕೊಂಡು, ಮುಂದಿನ ಹೆಸರಿಗೆ ಹೋದೆ. ಅವಳ ಮನೆ ಶಾಲೆಯಿಂದ ನೂರು ಹೆಜ್ಜೆಯ ದೂರದಲ್ಲಿತ್ತು. ಎರಡು ವಾರ ನಾನು ಆ ನೂರು ಹೆಜ್ಜೆ ನಡೆಯಲಿಲ್ಲ.

ಆಮೇಲೆ ರಾಶಿಯ ಧೂಳು ನನ್ನ ಮೂಗನ್ನೇ ಹಿಡಿಯಿತು. ನಮ್ಮ ವಂಶದ ಮೂಗು ಗಾತ್ರದಲ್ಲಿ ಉದಾರವಾದದ್ದು. ಇಷ್ಟು ವಿಶಾಲವಾದ ದ್ವಾರಗಳು ಏಕಕಾಲಕ್ಕೆ ಬಂದ್ ಆಗಬಹುದೆಂದು ನಾನು ಊಹಿಸಿಯೂ ಇರಲಿಲ್ಲ. ಹಣೆಯೊಳಗೆ ಜೋಳದ ಚೀಲ ಇಟ್ಟಂಥ ಭಾರ, ಕಿವಿಯಲ್ಲಿ ಗುಂಯ್ ಎಂಬ ಸದ್ದು, ಹೆಂಡತಿ ಹಾಕಿದ ಬೆಳ್ಳುಳ್ಳಿ ಒಗ್ಗರಣೆಯ ವಾಸನೆಯೂ ಇಲ್ಲ. ರೊಟ್ಟಿ ಮುರಿದು ಬಾಯಿಗಿಟ್ಟರೆ ಅಗಿಯಲೋ ಉಸಿರಾಡಲೋ ತಿಳಿಯದೆ ತುತ್ತು ಹಿಡಿದು ಕುಳಿತೆ. ಮೂರನೆಯ ದಿನ ಬೆಳಿಗ್ಗೆ, ಪ್ರಾಣಾಯಾಮದ ಸರ್ವಜ್ಞನಲ್ಲವೇ, ಉಸಿರಿನಿಂದಲೇ ಇದನ್ನು ಗೆಲ್ಲುತ್ತೇನೆಂದು ಅಂಗಳದಲ್ಲಿ ಪದ್ಮಾಸನ ಹಾಕಿ ಬಾಯಿ ಮುಚ್ಚಿ ಎಳೆದೆ. ಗಾಳಿ ಬರಲಿಲ್ಲ. ಮನಸ್ಸಿನಲ್ಲಿ ಎಣಿಸುತ್ತ ಹೋದೆ. ನಾಲ್ಕಕ್ಕೆ ಎದೆ ಬಿಗಿಯಿತು, ಆರಕ್ಕೆ ಕಣ್ಣು ತಾನಾಗಿ ತೆರೆಯಿತು. ಏಳಕ್ಕೆ ನಾನು ಬಾಯಿ ತೆರೆದು ‘ಹಾ’ ಎಂದು ಗಾಳಿ ನುಂಗಿದೆ.

ಆ ಸದ್ದು ನನಗೆ ಪರಿಚಿತವಾಗಿತ್ತು. ನಾನು ಏಳಕ್ಕೇ ಬಿಟ್ಟಿದ್ದೆ, ಅವಳನ್ನು ಹತ್ತರವರೆಗೆ ಹಿಡಿದಿದ್ದೆ. ಅಂಗಳದಲ್ಲಿ ಹಾಗೇ ಎಷ್ಟು ಹೊತ್ತು ಕುಳಿತೆನೋ, ಹೆಂಡತಿ ಬಂದು ಯಾಕ್ ಅಳಾಕತ್ತೀರಿ ಎಂದು ಕೇಳಿದಾಗ ನೆಗಡಿ ಎಂದೆ.

ಅಂದೇ ಜೇವರ್ಗಿಗೆ ಹೋಗಿ ಕಿವಿ ಮೂಗು ಗಂಟಲಿನ ವೈದ್ಯೆಯೊಬ್ಬರನ್ನು ಕಂಡೆ. ಅವರು ನನ್ನ ಮೂಗು ನೋಡಿ ಔಷಧ ಬರೆದು ಮುಗಿಸಿದರೂ ನಾನು ಕುರ್ಚಿಯಿಂದ ಏಳಲಿಲ್ಲ. ಒಬ್ಬ ಹುಡುಗಿ ಇದ್ದಾಳೆ, ಯಾವಾಗಲೂ ಬಾಯಿ ತೆರೆಯುವ ಚಾಳಿ ಎಂದು ಶುರುಮಾಡಿದೆ. ಹಲ್ಲು, ಕಣ್ಣಿನ ಕಪ್ಪು, ವರ್ಷಾನುಗಟ್ಟಲೆ ಸೋರುವ ಮೂಗು, ಮೂರು ಸಲ ಕರೆದರೆ ತಿರುಗುವುದು, ಎಲ್ಲವನ್ನೂ ಹೇಳಿದೆ. ನಾನು ಮಾಡಿದ್ದನ್ನು ಮಾತ್ರ ಹೇಳಲಿಲ್ಲ. ಆಕೆ ಪೆನ್ನು ಕೆಳಗಿಟ್ಟರು.

“ಅದು ಚಾಳಿ ಅಲ್ರಿ ಮಾಸ್ತರ. ಮೂಗಿನೊಳಗ ಬಾವು ಬಂದು, ಬಾಜೂಕಿನ ಎಲುಬಿನ ಪೊಳ್ಳಿನ್ಯಾಗೂ ಕೀವು ಕೂತಿರತದ. ಮೂಗಿನ ಹಿಂದ ಒಂದು ಗಡ್ಡಿ ಇರತದ, ಅದು ಬೆಳದು ಗಾಳಿ ಬರೋ ಹಾದಿನೇ ಕಟ್ಟಿರಬೇಕು. ಕಿವ್ಯಾಗೂ ನೀರು ತುಂಬಿದ್ರ ನೀವು ಕರದಿದ್ದು ಆಕಿಗಿ ಅರ್ಧ ಕೇಳಿಸಿರಂಗಿಲ್ಲ. ಮೂಗಿನ ಬಾಗಲಾ ಮುಚ್ಚೇದ ಅಂತ ಪಾಪ ಬಾಯಿ ಬಾಗಲಾ ತೆರದಾಳ. ಇರೋದೊಂದು ಬಾಗಲಾನೂ ಮುಚ್ಚಿದ್ರ ಆಕಿ ಬದುಕೋದು ಹ್ಯಾಂಗ ಹೇಳ್ರಿ.”

ನನ್ನ ಚತುರೋಕ್ತಿಯನ್ನು ಆಕೆ ಎಲ್ಲಿಯೂ ಕೇಳಿದವರಲ್ಲ. ನಾನು ಎದ್ದೆ, ಅವಳನ್ನು ಕರೆದುಕೊಂಡು ಬರುತ್ತೇನೆ ಎಂದಷ್ಟೇ ಹೇಳಿ ನೆಲೋಗಿಯ ಬಸ್ಸು ಹಿಡಿದೆ.

ಭಾಗಮ್ಮನ ಮನೆ ಮುಟ್ಟಿದಾಗ ಮೂರೂವರೆ ಆಗಿರಬೇಕು. ಶರಣಮ್ಮ ಗಡಿಬಿಡಿಯಿಂದ ಎದ್ದು “ಬರ್ರಿ ಸರ, ಕೂಡ್ರಿ” ಎನ್ನುತ್ತ ಕಂಬಳಿ ಹಾಸಿದಳು. ಒಳಗೆ ಲೋಬಾನದ ಹೊಗೆ ಕಣ್ಣು ಉರಿಯುವಷ್ಟು ಕವಿದಿತ್ತು; ನೆಗಡಿಗೆ ಒಳ್ಳೆಯದೆಂದು ಮುದುಕಿ, ಮಲ್ಲಪ್ಪನ ತಾಯಿ, ಹೊರಸಿನ ಕೆಳಗೆ ಕೆಂಡದ ಬೋಗುಣಿ ಇಟ್ಟಿದ್ದಳು. ಹೊರಸಿನ ಮೇಲೆ ಭಾಗಮ್ಮ ಮಲಗಿದ್ದಳು. ಅವಳ ಗದ್ದದ ಕೆಳಗಿಂದ ಹಾಯ್ದ ಹಳೆಯ ಸೀರೆಯ ಅಂಚೊಂದನ್ನು ಎರಡೂ ಕೆನ್ನೆಗಳ ಮೇಲಿಂದ ತಂದು ನೆತ್ತಿಯ ಮೇಲೆ ಬಿಗಿಯಾಗಿ ಗಂಟು ಹಾಕಿದ್ದರು. ಹಲ್ಲುನೋವೇ ಎಂದು ಕೇಳಿದೆ.

“ಇಲ್ರಿ ಸರ” ಎಂದಳು ಶರಣಮ್ಮ. “ಮನ್ಯಾಗೂ ಬಾಯಿ ಮುಚ್ಚೋದು ರೂಢಿ ಮಾಡಸ್ರಿ ಅಂತ ನೀವೇ ಹೇಳಿದ್ರಿ. ಎಚ್ಚರಿದ್ದಾಗ ಹೇಳಿದ್ರ ಮುಚ್ಚತಾಳ, ಮಲಗಿದ್ರ ಮತ್ತ ತೆರೀತಾಳ. ಅದಕ್ಕ ನಮ್ಮತ್ತಿ ದಿನಾ ಮಧ್ಯಾಹ್ನ ಕಟ್ಟಾಕತ್ತಾರ.”

“ಮೊದ್ಲೆರಡು ದಿನ ಭಾಳ ಒದ್ಯಾಡಿದ್ಳು” ಎಂದಳು ಮುದುಕಿ, ತನ್ನ ಕೆಲಸವನ್ನು ಗುರುಗಳಿಗೆ ಒಪ್ಪಿಸುವ ಸಮಾಧಾನದಲ್ಲಿ. “ಈಗ ಜರಾ ಹೊಂದಿಕೊಂಡಾಳ್ರಿ. ಸಾಲಿ ಕಲಿಸೋರ ಮಾತು ಮೀರಬಾರದು ನೋಡ್ರಿ.”

ನಮ್ಮ ಕಡೆ ಹಾಗೆ ಗದ್ದಕ್ಕೆ ಬಟ್ಟೆ ಹಾಕಿ ನೆತ್ತಿಯ ಮೇಲೆ ಗಂಟು ಕಟ್ಟುವುದು ಉಸಿರು ನಿಂತವರಿಗೆ ಮಾತ್ರ. ಆ ಮನೆಯಲ್ಲಿ ಮೂವರು ದೊಡ್ಡವರಿದ್ದರು, ಮೂವರಿಗೂ ಅದು ಗೊತ್ತಿತ್ತು. ಗೊತ್ತಿದ್ದೂ ಕಟ್ಟಿದ್ದರು, ಯಾಕೆಂದರೆ ಹೇಳಿದವನು ನಾನು. ಹುಡುಗಿಯ ತುಟಿಯ ಒಂದು ಮೂಲೆ ಮೇಲಕ್ಕೆಳೆದು, ಆ ಸಂದಿನಿಂದ ಸಣ್ಣಗೆ ಸೀಟಿ ಊದಿದಂಥ ಸದ್ದು ಬರುತ್ತಿತ್ತು. ಅವಳು ಬದುಕಿದ್ದುದು ಅಷ್ಟು ಸಂದಿನಿಂದ.

ನಾನು ಹೋಗಿ ಹೊರಸಿನ ಅಂಚಿಗೆ ಕುಳಿತು ಗಂಟು ಬಿಚ್ಚತೊಡಗಿದೆ. ಗಂಟು ಬಿಗಿಯಾಗಿತ್ತು, ಉಗುರಿಗೆ ಸಿಗುತ್ತಿರಲಿಲ್ಲ. ಅವಳಿಗೆ ಎಚ್ಚರವಾಯಿತು. ಮುಖದ ಹತ್ತಿರ ನನ್ನ ಕೈ ಕಂಡದ್ದೇ ತಡ, ಅವಳು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಕಟ್ಟಿದ ಗದ್ದದೊಳಗಿನಿಂದ ಏನೋ ಗೊಣಗುತ್ತಿದ್ದಳು, ಬಾಗಿ ಕೇಳಿದೆ. ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದಳು. ಹತ್ತಾದರೆ ಸರ್ ಬಿಡುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು, ನನ್ನ ಶಾಲೆಯಲ್ಲಿ ಅವಳು ಕಲಿತ ಪಾಠ ಅದು.

ಗಂಟು ಬಿಚ್ಚುವಷ್ಟರಲ್ಲಿ ಅವಳು ಹದಿನಾಲ್ಕಕ್ಕೆ ಬಂದಿದ್ದಳು.

ತಪ್ಪು ನನ್ನದೆಂದು ಶರಣಮ್ಮನ ಮುಂದೆ ಕೈ ಮುಗಿದೆ. ನಡೆದುದನ್ನೆಲ್ಲ, ಆ ನಗುವನ್ನೂ ಬಿಡದೆ, ಹೇಳಿದೆ. ಆಕೆ ಬೈದಿದ್ದರೆ ನನಗೆ ಸುಖವಾಗುತ್ತಿತ್ತು. “ಏನ್ ಮಾತಾಡ್ತೀರಿ ಸರ. ನೀವು ಚಲೋದಾಗ್ಲಿ ಅಂತ ಮಾಡಿದ್ದು. ನಾವು ಅಡಾಣಿ ಮಂದಿ, ನಮಗ ತಿಳೀಲಿಲ್ಲ” ಎಂದು ತಪ್ಪನ್ನು ತನ್ನ ಮಡಿಲಿಗೆ ಹಾಕಿಕೊಂಡು ಚಹಾ ಕಾಸಲು ಹೋದಳು. ಮುದುಕಿ ಕೆಂಡದ ಬೋಗುಣಿಯನ್ನು ಹೊರಗಿಟ್ಟು ಬಂದು, ಬಿಚ್ಚಿದ ಅಂಚನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ದೊಡ್ಡವರು ಕ್ಷಮಿಸಿದ್ದರು. ಕ್ಷಮಿಸಬೇಕಾದವಳು ಗೋಡೆಯ ಕಡೆ ಮುಖ ತಿರುವಿ ಮಲಗಿದ್ದಳು.

ಆಮೇಲಿನದೆಲ್ಲ ದವಾಖಾನೆಯ ಕಥೆ, ನಿಮಗೆ ಬೇಸರವಾಗುವಷ್ಟು ಹೇಳುವುದಿಲ್ಲ. ಕಾಯಿಸಿ ಆರಿಸಿದ ಉಪ್ಪುನೀರಿನಿಂದ ದಿನಕ್ಕೆರಡು ಸಲ ಮೂಗು ತೊಳೆಯಬೇಕು, ಮೂಗಿನೊಳಗೆ ಔಷಧದ ತುಂತುರು ಹಾಕಬೇಕು, ಹೊಗೆ ಧೂಳಿನಿಂದ ದೂರ ಇಡಬೇಕು ಎಂದರು ವೈದ್ಯೆ. ಮಲ್ಲಪ್ಪ ಅಂದಿನಿಂದ ಮಷಿನ್ನಿನ ಕೆಲಸ ಮುಗಿಸಿ ಹಳ್ಳದಲ್ಲಿ ಮಿಂದೇ ಮನೆಯೊಳಗೆ ಕಾಲಿಡುತ್ತಿದ್ದ. ಶರಣಮ್ಮ ಮಗಳ ಹಾಸಿಗೆಯನ್ನು ಒಲೆಯ ಹತ್ತಿರದಿಂದ ಪಡಸಾಲೆಗೆ ಒಯ್ದಳು. ಇಷ್ಟು ಮಾಡಿಯೂ ಮೂರು ತಿಂಗಳು ಕಳೆದ ಮೇಲೆ ಹಾದಿ ಅರ್ಧವೂ ತೆರೆಯದಾಗ ಕಲಬುರಗಿಯ ದೊಡ್ಡ ದವಾಖಾನೆಯಲ್ಲಿ ಆ ಗಡ್ಡೆಯನ್ನು ತೆಗೆಸಬೇಕಾಯಿತು, ಕಿವಿಯ ನೀರನ್ನೂ ಹರಿಬಿಟ್ಟರು. ನಾಲ್ಕಾರು ವರ್ಷ ಮೊದಲೇ ಬಂದಿದ್ದರೆ ಹಲ್ಲು ಹೀಗೆ ಮುಂದೆ ಬರುತ್ತಿರಲಿಲ್ಲ, ಕಿವಿ ಇಷ್ಟು ಮಂದವಾಗುತ್ತಿರಲಿಲ್ಲ ಎಂದು ಅಲ್ಲಿಯ ವೈದ್ಯರು ನನ್ನ ಕಡೆ ನೋಡಿ ಹೇಳಿದರು. ನಾನು ಅವಳ ಅಪ್ಪನೆಂದು ಅವರು ತಿಳಿದಿದ್ದರು, ನಾನೂ ಅಲ್ಲವೆನ್ನಲಿಲ್ಲ.

ಶಸ್ತ್ರಚಿಕಿತ್ಸೆಯಾಗಿ ಕೆಲವು ವಾರಗಳಾದ ಮೇಲೆ ಶರಣಮ್ಮ ಒಂದು ಮಾತು ಹೇಳಿದಳು. ಶೇಂಗಾ ಹುರಿಯುತ್ತಿದ್ದಾಗ ಭಾಗಮ್ಮ ಓಡಿಬಂದು ಇದೇನ್ ವಾಸನಿ ಎಂದು ಕೇಳಿದಳಂತೆ. ಒಂಬತ್ತು ವರ್ಷ ಶೇಂಗಾ ಹುರಿಯುವ ಮನೆಯಲ್ಲೇ ಬೆಳೆದ ಮಗು. ಹೇಳುತ್ತ ಶರಣಮ್ಮ ನಕ್ಕಳು, ನನಗೆ ನಗು ಬರಲಿಲ್ಲ.

ಜೂನಿನಲ್ಲಿ ಭಾಗಮ್ಮ ಶಾಲೆಗೆ ಮರಳಿದಳು. ಅಷ್ಟರಲ್ಲಿ ನಾನು ಗೋಡೆಯ ಮೇಲಿನ ಬರಹಕ್ಕೆ ಸುಣ್ಣ ಹೊಡೆಸಿದ್ದೆ, ಗಂಟೆಯನ್ನು ಪೆಟ್ಟಿಗೆಗೆ ಸೇರಿಸಿದ್ದೆ, ಹುಡುಗರನ್ನು ಕೂರಿಸಿಕೊಂಡು ಆ ಅಡ್ಡಹೆಸರು ಇಟ್ಟವನು ನಾನು, ಅದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ ಎಂದು ಹೇಳಿದ್ದೆ. ಮಕ್ಕಳು ಮಾತು ಕೊಟ್ಟರು, ಕೆಲವರು ಉಳಿಸಿಕೊಂಡರು. ಈಗ ಅವಳ ಮೂಗು ಸೋರುವುದಿಲ್ಲ, ಉಸಿರಿನ ಸದ್ದಿಲ್ಲ. ಬೇರೆ ಶಿಕ್ಷಕಿಯರ ತರಗತಿಯಲ್ಲಿ ಎದ್ದು ನಿಂತು ಒಂದೇ ಉಸಿರಿಗೆ ಇಡೀ ವಾಕ್ಯ ಓದುತ್ತಾಳಂತೆ. ಅಂತೆ ಎನ್ನುವುದು ಯಾಕೆಂದರೆ ನಾನು ಕೇಳಿಲ್ಲ. ನಾನು ಹಾಜರಿ ಕರೆದರೆ ಎಲ್ಲರೂ ಹಾಜರ್ ಎನ್ನುತ್ತಾರೆ, ಅವಳು ಎಡಗೈ ಎತ್ತುತ್ತಾಳೆ. ಬಲಗೈ ಬಾಯಿಯ ಮೇಲಿರುತ್ತದೆ. ನಾನು ಸಾಲಿನ ಆಚೆ ಹೋದರೆ ಆ ಕೈ ಇಳಿಯುತ್ತದೆ, ತಿರುಗಿ ಬಂದರೆ ಮತ್ತೆ ಏರುತ್ತದೆ. ಒಂದು ದಿನ ಅಂಗಳದಲ್ಲಿ ಅವಳನ್ನು ಕರೆದು, ದೂರದಲ್ಲಿಯೇ ನಿಂತು, “ಅವತ್ತು ನಾ ತಪ್ಪು ಮಾಡೇನಿ ಭಾಗಮ್ಮ, ಇನ್ನ ಯಾರೂ ನಿನ್ನ ಬಾಯಿ ಮುಚ್ಚಂಗಿಲ್ಲ” ಎಂದೆ. ಅವಳು ಬಾಯಿಯ ಮೇಲೆ ಕೈ ಇಟ್ಟುಕೊಂಡೇ ಹೂಂ ಎಂಬಂತೆ ತಲೆಯಾಡಿಸಿದಳು. ನಾನು ಮೂವತ್ತು ವರ್ಷ ಬಯಸಿದ ಮೌನ ಪೂರ್ತಿಯಾಗಿ ಸಿಕ್ಕಿದ್ದು ಆ ಒಬ್ಬಳಿಂದ.

ಕಳೆದ ವಾರ ಅವಳನ್ನು ಮರುತಪಾಸಣೆಗೆ ಜೇವರ್ಗಿಗೆ ಕರೆದೊಯ್ದಿದ್ದೆವು. ಹಿಂತಿರುಗುವಾಗ ಅದೇ ಎರಡರ ಬಸ್ಸು. ಕಿಟಕಿಗೆ ಭಾಗಮ್ಮ, ನಡುವೆ ಶರಣಮ್ಮ, ಈ ಬದಿಗೆ ನಾನು. ಊರು ದಾಟುವಷ್ಟರಲ್ಲಿ ಬಸ್ಸು ಎಂದಿನಂತೆ ಮಲಗಿತು. ಶರಣಮ್ಮ ಸೀಟಿಗೆ ತಲೆಯಾನಿಸಿ ಬಾಯಿ ತೆರೆದಳು, ಮುಂದಿನ ಸೀಟಿನ ಗೌಡರು ತೆರೆದರು, ಟಿಕೀಟು ಹರಿದು ಮುಗಿಸಿದ ಕಂಡಕ್ಟರನೂ ತೆರೆದ. ಇಡೀ ಬಸ್ಸಿನಲ್ಲಿ ಬಾಯಿ ಮುಚ್ಚಿ ಮಲಗಿದವಳು ಭಾಗಮ್ಮ ಒಬ್ಬಳೇ. ಗಾಳಿಗೆ ಕೂದಲು ಹಣೆಯ ಮೇಲೆ ಹಾರುತ್ತಿತ್ತು, ಮೂಗಿನ ಹೊಳ್ಳೆಗಳು ಸಣ್ಣಗೆ ಅರಳಿ ಮುಚ್ಚುತ್ತಿದ್ದವು. ಸದ್ದೇ ಇರಲಿಲ್ಲ. ಇದ್ದರೂ ಬಸ್ಸಿನ ಗದ್ದಲದಲ್ಲಿ ಕೇಳಿಸುತ್ತಿರಲಿಲ್ಲವೇನೋ ಎಂಬ ಅನುಮಾನ ಬಂದು, ಶರಣಮ್ಮನನ್ನು ದಾಟಿ ಮುಂದಕ್ಕೆ ಬಾಗಿ, ಕಿವಿಯನ್ನು ಆ ಮುಖದ ಹತ್ತಿರ ಒಯ್ದೆ. ಗಾಳಿ ಹೋಗುತ್ತಿತ್ತು, ಬರುತ್ತಿತ್ತು.

ಬಸ್ಸು ಕುಲುಕಿತು. ಅವಳು ಕಣ್ಣು ತೆರೆದಳು, ಒಂದು ಗೇಣು ದೂರದಲ್ಲಿ ನನ್ನ ಮುಖ ಕಂಡಳು. ಕೈ ತಟ್ಟನೆ ಮೇಲಕ್ಕೆ ಹೋಗಿ ಬಾಯಿ ಮುಚ್ಚಿತು. ಕಣ್ಣು ಅಂದಿನ ಆರರ ಎಣಿಕೆಯಲ್ಲಿ ತೆರೆದಷ್ಟೇ ಅಗಲವಾಗಿ ತೆರೆದಿದ್ದವು.

ನಾನು ಎದ್ದೆ. ಕಂಬಿ ಹಿಡಿಯುತ್ತ ಹಿಂದಕ್ಕೆ ಹೋಗಿ ಕೊನೆಯ ಸಾಲಿನಲ್ಲಿ ಕುಳಿತೆ. ನೆಲೋಗಿಯವರೆಗೆ ನಿದ್ದೆ ಮಾಡಲಿಲ್ಲ, ತುಟಿಯನ್ನೂ ಒತ್ತಿ ಹಿಡಿಯಲಿಲ್ಲ. ಅಲ್ಲಿಂದ ಅವಳ ಹಿಂದಲೆ, ಒಂದು ಕಿವಿ, ಮೊಳಕೈ ಮಾತ್ರ ಕಾಣುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಆ ಮೊಳಕೈ ಕೆಳಗಿಳಿಯಿತು.